ನೂರಕ್ಕೆ ಮೂರು

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳಷ್ಟು ಜನ ಪ್ರತಿ ತಿಂಗಳು ಬಡ್ಡಿ ಕಟ್ಟುತ್ತಿದ್ದೀರಿ. ಮನೆ ಸಾಲ, ಬೈಕ್ ಸಾಲ, ಫೋನಿನ ಇಎಂಐ, ಕ್ರೆಡಿಟ್ ಕಾರ್ಡ್. ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸದೆ ಮುಂದೂಡಿದರೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ರಿಂದ 3.75ರವರೆಗೆ ಹಾಕುತ್ತವೆ. ವರ್ಷಕ್ಕೆ ಲೆಕ್ಕ ಹಾಕಿದರೆ 36ರಿಂದ 45. ಈಗ ಸುರಪುರ ತಾಲ್ಲೂಕಿನ ಕೆಂಭಾವಿ ಕಡೆ ಬನ್ನಿ. ಕೈಸಾಲ ಬೇಕಾದ ರೈತನಿಗೆ ಸಾವ್ಕಾರ ಹೇಳುವ ದರ ಏನು? "ನೂರಕ್ಕ ಮೂರ್ರೂಪಾಯಿ." ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36.

ದರ ಒಂದೇ. ಆದರೆ ಒಂದನ್ನು ನಾವು "ಫೈನಾನ್ಸ್ ಚಾರ್ಜ್" ಅಂತೀವಿ, ಇನ್ನೊಂದನ್ನು "ರಕ್ತ ಹೀರುವುದು" ಅಂತೀವಿ. ಬರೀ ಪೇಟೆಯವರ ಬೂಟಾಟಿಕೆ ಅಂತ ಇದನ್ನು ತಳ್ಳಿಹಾಕಬಹುದು. ನನಗೆ ಹಾಗೆ ಅನಿಸುವುದಿಲ್ಲ. ಎರಡರ ನಡುವೆ ನಿಜವಾದ ನೈತಿಕ ವ್ಯತ್ಯಾಸ ಇದೆ. ಅದು ದರದಲ್ಲಿಲ್ಲ, ಅಷ್ಟೇ. ಹಾಗಾದರೆ ಎಲ್ಲಿದೆ?

ಮೊದಲೇ ಹೇಳಿಬಿಡುತ್ತೇನೆ. ನಾನು ಭಾನುವಾರ ಚರ್ಚಿಗೆ ಹೋಗುವವನು. ಜೊತೆಗೆ, ಇಬ್ಬರು ವಯಸ್ಕರು ಒಪ್ಪಿ ಮಾಡಿಕೊಂಡ ವ್ಯವಹಾರದಲ್ಲಿ ಮೂರನೆಯವನು ಮೂಗು ತೂರಿಸಬಾರದು ಅಂತ ನಂಬುವವನು. ಈ ಎರಡು ನಂಬಿಕೆಗಳು ಅತಿ ಹೆಚ್ಚು ಜಗಳ ಆಡುವ ಜಾಗವೇ ಬಡ್ಡಿ.

ಉದ್ರಿ ಅನ್ನುವ ಯಂತ್ರ

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಈ ಸೀಮೆಯ ಬೇಸಾಯ ಬದಲಾಯಿತು. ಜೋಳ, ತೊಗರಿಯ ಪಕ್ಕದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಜೋಳಕ್ಕೆ ಮನೆಯ ಬೀಜ, ಕೊಟ್ಟಿಗೆಯ ಗೊಬ್ಬರ ಸಾಕಿತ್ತು. ಹತ್ತಿಗೆ ಬೀಜದ ಪ್ಯಾಕೆಟ್, ಚೀಲಗಟ್ಟಲೆ ಗೊಬ್ಬರ, ಮತ್ತೆ ಮತ್ತೆ ಹೊಡೆಯುವ ಎಣ್ಣಿ ಬೇಕು. ಇದೆಲ್ಲ ಬೇಕಾಗುವುದು ಮುಂಗಾರಿನಲ್ಲಿ, ಕೈ ಖಾಲಿ ಇರುವಾಗ. ದುಡ್ಡು ಬರುವುದು ಸುಗ್ಗಿಗೆ.

ಈ ನಡುವಿನ ತಿಂಗಳುಗಳನ್ನು ದಾಟಿಸುವುದು ಉದ್ರಿ. ಅಂಗಡಿಯವನು ಮಾಲು ಕೊಡುತ್ತಾನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಎಷ್ಟೋ ಕಡೆ ಒಂದು ಮಾತು ಒಪ್ಪಂದದ ಭಾಗವಾಗಿಯೇ ಇರುತ್ತದೆ: ಬೆಳೆ ಬಂದ ಮೇಲೆ ನನಗೇ ಹಾಕಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಇದು ಊಹೆಯ ಲೆಕ್ಕ, ಅಂಕಿಗಳನ್ನು ನೀವು ಬದಲಿಸಿಕೊಳ್ಳಬಹುದು. ನಗದಿಗೆ 50,000 ರೂಪಾಯಿ ಆಗುವ ಮಾಲು ಉದ್ರಿಗೆ 55,000. ಅವಧಿ ಐದು ತಿಂಗಳು. ಆಮೇಲೆ 20 ಕ್ವಿಂಟಲ್ ಹತ್ತಿ ಅದೇ ಅಂಗಡಿಗೆ ಹೋಗುತ್ತದೆ, ಬೇರೆ ಕಡೆ ಸಿಗುತ್ತಿದ್ದ ದರಕ್ಕಿಂತ ಕ್ವಿಂಟಲಿಗೆ 200 ರೂಪಾಯಿ ಕಡಿಮೆಗೆ. ಮಾಲಿನಲ್ಲಿ 5,000, ಹತ್ತಿಯಲ್ಲಿ 4,000, ಒಟ್ಟು 9,000. ಐದು ತಿಂಗಳಿಗೆ ಶೇಕಡಾ 18, ವರ್ಷಕ್ಕೆ 43. ಆದರೆ ಪುಸ್ತಕದಲ್ಲಿ "ಬಡ್ಡಿ" ಅನ್ನುವ ಪದವೇ ಇರುವುದಿಲ್ಲ. ಕೇಳಿದರೆ ಇಬ್ಬರೂ ಹೇಳುತ್ತಾರೆ, "ಬಡ್ಡಿ ಏನಿಲ್ರೀ, ಉದ್ರಿ ಅಷ್ಟೇ."

ಅಂಗಡಿಯವನನ್ನು ಖಳನಾಯಕ ಮಾಡುವುದು ಸುಲಭ. ಆದರೆ ಅವನ ಕಡೆಯಿಂದಲೂ ನೋಡಿ. ಅವನ ಬಳಿ ಅಡಮಾನದ ಕಾಗದ ಇಲ್ಲ. ಮಳೆ ಕೈಕೊಟ್ಟರೆ ಅರ್ಧ ಊರಿನ ಬಾಕಿ ಒಟ್ಟಿಗೆ ಮುಳುಗುತ್ತದೆ. ಅವನೂ ಮೇಲಿನ ಡೀಲರಿಗೆ ಕೊಡಬೇಕು. ಮಗಳ ಹೆರಿಗೆಗೆ ರಾತ್ರಿ ಹತ್ತು ಗಂಟೆಗೆ ಐದು ಸಾವಿರ ಬೇಕಾದರೆ ಯಾವ ಬ್ಯಾಂಕಿನ ಬಾಗಿಲೂ ತೆರೆದಿರುವುದಿಲ್ಲ, ಅವನ ಮನೆಯದು ತೆರೆದಿರುತ್ತದೆ. ಈ ಅಪಾಯಕ್ಕೆ, ಈ ಸೇವೆಗೆ ಒಂದು ಬೆಲೆ ಇದೆ. ಬೆಲೆಯೇ ಇರಬಾರದು ಅನ್ನುವವರು ತಾವು ಸಾಲ ಕೊಟ್ಟು ನೋಡಲಿ.

ಜೋಳ ಮತ್ತು ಜೋಳದ ಬಳಕೆ

ಬೆಲೆಯೇ ಇರಬಾರದು ಅಂತ ನನ್ನದೇ ಚರ್ಚು ಶತಮಾನಗಳ ಕಾಲ ಹೇಳಿತ್ತು. 1139 ಮತ್ತು 1179ರ ಲ್ಯಾಟೆರನ್ ಮಹಾಸಭೆಗಳು ಬಡ್ಡಿಯನ್ನು ಖಂಡಿಸಿದವು. ಬಹಿರಂಗವಾಗಿ ಬಡ್ಡಿ ವ್ಯಾಪಾರ ಮಾಡುವವನಿಗೆ ಕ್ರೈಸ್ತ ಸಮಾಧಿಯೂ ಇಲ್ಲ ಅಂತ ಎರಡನೆಯದು ತೀರ್ಮಾನಿಸಿತು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದಕ್ಕೆ ತರ್ಕ ಕೊಟ್ಟ. ಅವನ ಉದಾಹರಣೆ ದ್ರಾಕ್ಷಾರಸದ್ದು. ನಮ್ಮ ಸೀಮೆಗೆ ಜೋಳ ಅಂದುಕೊಳ್ಳಿ. ಮನೆಯನ್ನು ಬಾಡಿಗೆಗೆ ಕೊಡಬಹುದು, ಯಾಕಂದರೆ ವಾಸ ಮಾಡಿದ ಮೇಲೂ ಮನೆ ಉಳಿಯುತ್ತದೆ. ಜೋಳವನ್ನು ಬಳಸುವುದು ಅಂದರೆ ತಿಂದು ಮುಗಿಸುವುದೇ. ಜೋಳಕ್ಕೊಂದು ಬೆಲೆ, ಜೋಳದ ಬಳಕೆಗೆ ಇನ್ನೊಂದು ಬೆಲೆ ಕೇಳಿದರೆ ಒಂದೇ ವಸ್ತುವನ್ನು ಎರಡು ಸಲ ಮಾರಿದಂತೆ. ದುಡ್ಡೂ ಹಾಗೆಯೇ, ಖರ್ಚಾಗುವುದೇ ಅದರ ಬಳಕೆ.

ತರ್ಕ ಚೆನ್ನಾಗಿದೆ. ತೊಂದರೆ ಅಂದರೆ, ಸಾಲ ಕೊಟ್ಟವನು ಆ ದುಡ್ಡಲ್ಲಿ ಮಾಡಬಹುದಾಗಿದ್ದ ಬೇರೆ ಕೆಲಸದ ಲಾಭವನ್ನು, ಅವನು ಹೊರುವ ಅಪಾಯವನ್ನು ಇದು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಂತರದ ಕ್ಯಾಥೊಲಿಕ್ ಪಂಡಿತರು, ಮುಖ್ಯವಾಗಿ 16ನೇ ಶತಮಾನದ ಸ್ಪೇನಿನ ಸಲಮಾಂಕಾ ಪಂಥದವರು, ಇದನ್ನು ಒಂದೊಂದಾಗಿ ಬಿಡಿಸಿದರು. ನ್ಯಾಯವಾದ ಬೆಲೆ ಅಂದರೆ ಮೋಸ, ಏಕಸ್ವಾಮ್ಯ ಇಲ್ಲದ ಪೇಟೆಯಲ್ಲಿ ಜನ ಸಾಮಾನ್ಯವಾಗಿ ಕಟ್ಟುವ ಬೆಲೆ ಅನ್ನುವುದು ಅವರ ಮಾತಿನ ಸಾರ. "ಏಕಸ್ವಾಮ್ಯ ಇಲ್ಲದ" ಅನ್ನುವ ಭಾಗವನ್ನು ನೆನಪಿನಲ್ಲಿಡಿ.

ಪಂಡಿತರಿಗಿಂತ ಮೊದಲೇ ಬೀದಿಯಲ್ಲಿ ಕೆಲಸ ಮಾಡಿದವರು ಫ್ರಾನ್ಸಿಸ್ಕನ್ ಸನ್ಯಾಸಿಗಳು. ಬಡ್ಡಿ ಪಾಪ ಅಂತ ಎಷ್ಟು ಬೋಧಿಸಿದರೂ ಬಡವರು ಬಡ್ಡಿ ಅಂಗಡಿಗೇ ಹೋಗುತ್ತಿದ್ದರು, ಯಾಕಂದರೆ ಹೋಗಲು ಬೇರೆ ಜಾಗ ಇರಲಿಲ್ಲ. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಅವರ ಪ್ರೇರಣೆಯಿಂದ ಒಂದು ಗಿರವಿ ಸಂಸ್ಥೆ ಶುರುವಾಯಿತು. ದಾನಿಗಳ ದುಡ್ಡು ಮೂಲಧನ. ಬಡವರು ಸಾಮಾನು ಇಟ್ಟು ಸಣ್ಣ ಸಾಲ ಪಡೆಯಬಹುದು. ಗುಮಾಸ್ತನ ಸಂಬಳ, ಮಳಿಗೆಯ ಬಾಡಿಗೆಗೆ ಸಾಲುವಷ್ಟು ಅಲ್ಪ ಬಡ್ಡಿ. ಇಂಥವು ಊರೂರಿಗೆ ಹಬ್ಬಿದವು. ಡೊಮಿನಿಕನ್ ಸನ್ಯಾಸಿಗಳಲ್ಲಿ ಹಲವರು ಜಗಳಕ್ಕೆ ಬಂದರು: ಅಲ್ಪ ಬಡ್ಡಿಯೂ ಬಡ್ಡಿಯೇ ತಾನೆ? ಕೊನೆಗೆ 1515ರಲ್ಲಿ ಐದನೇ ಲ್ಯಾಟೆರನ್ ಮಹಾಸಭೆ, ಪೋಪ್ ಹತ್ತನೇ ಲಿಯೋ ಕಾಲದಲ್ಲಿ, ಇದು ಪಾಪವಲ್ಲ ಅಂತ ಹೇಳಿತು.

ಮೂರು ಶತಮಾನ ನಿಷೇಧ ಮಾಡಲಾಗದ್ದನ್ನು ಎದುರುಗಡೆ ತೆರೆದ ಒಂದು ಮಳಿಗೆ ಮಾಡತೊಡಗಿತು. ಬಡ್ಡಿಯವನಿಗೆ ಪ್ರತಿಸ್ಪರ್ಧಿ ಸಿಕ್ಕಿದ್ದ.

ಒಪ್ಪಿಗೆ ಅಂದರೆ ಏನು

ಇಲ್ಲಿ ನನ್ನ ಸ್ವಾತಂತ್ರ್ಯವಾದಿ ಗೆಳೆಯರು ಒಂದು ಮಾತು ಹೇಳುತ್ತಾರೆ: "ರೈತನನ್ನು ಯಾರಾದರೂ ಬಲವಂತ ಮಾಡಿದರಾ? ಅವನೇ ಹೋದ, ಅವನೇ ಒಪ್ಪಿದ. ಮುಗಿಯಿತಲ್ಲ."

ಮುಗಿಯುವುದಿಲ್ಲ. 1891ರಲ್ಲಿ ಪೋಪ್ 13ನೇ ಲಿಯೋ ಬರೆದ 'ರೇರುಂ ನೊವಾರುಂ' ಖಾಸಗಿ ಆಸ್ತಿಯನ್ನು ಗಟ್ಟಿಯಾಗಿ ಸಮರ್ಥಿಸುವ ಪತ್ರ, ಸಮಾಜವಾದಿಗಳಿಗೆ ನೇರ ಉತ್ತರ. ಅದೇ ಪತ್ರದಲ್ಲಿ ಇನ್ನೊಂದು ವಾದವೂ ಇದೆ: ಬೇರೆ ಗತಿಯಿಲ್ಲದೆ, ಇನ್ನೂ ಕೆಟ್ಟದ್ದು ಆದೀತೆಂಬ ಭಯಕ್ಕೆ ಕಾರ್ಮಿಕ ಕಡಿಮೆ ಕೂಲಿಗೆ ಒಪ್ಪಿದರೆ ಅದು ಒಪ್ಪಿಗೆಯ ವೇಷ ತೊಟ್ಟ ಅನ್ಯಾಯ. ಕೂಲಿಯ ಬಗ್ಗೆ ಹೇಳಿದ್ದು ಸಾಲಕ್ಕೂ ಸಲ್ಲುತ್ತದೆ.

ಒಪ್ಪಿಗೆಗೆ ಬೆಲೆ ಬರುವುದು "ಒಲ್ಲೆ" ಅನ್ನುವ ಶಕ್ತಿ ಇದ್ದಾಗ. ಕೆಂಭಾವಿಯವರಿಗೆ ಇದನ್ನು ಹೇಳಲು ರೋಮಿಗೆ ಹೋಗಬೇಕಿಲ್ಲ, ಊರಿನ ಶರಣನೇ ಸಾಕು. ಕೆಂಭಾವಿ ಭೋಗಣ್ಣನ ಕಥೆ ಗೊತ್ತಲ್ಲ? ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. ಊರವರು ಮುಟ್ಟದ ಜಾತಿಯವನ ವೇಷದಲ್ಲಿ, ಸತ್ತ ಕರುವನ್ನು ಹೊತ್ತು ಶಿವ ಬರುತ್ತಾನೆ. ಭೋಗಣ್ಣ ಅವನನ್ನು ಮನೆಯೊಳಗೆ ಕರೆದು ಉಣಿಸುತ್ತಾನೆ. ಊರಿನ ದೊಡ್ಡವರು ಸಿಟ್ಟಾಗಿ ಅವನನ್ನು ಊರು ಬಿಡಿಸುತ್ತಾರೆ. ಭೋಗಣ್ಣ ಹೊರಡುತ್ತಾನೆ. ಅವನ ಹಿಂದೆಯೇ ಊರಿನ ಲಿಂಗಗಳೆಲ್ಲ ಎದ್ದು ಹೊರಡುತ್ತವೆ. ಆಗ ಊರವರು ಓಡಿಬಂದು ಕಾಲಿಗೆ ಬಿದ್ದು ಅವನನ್ನು ವಾಪಸ್ ಕರೆಯುತ್ತಾರೆ.

ಪವಾಡವನ್ನು ಭಕ್ತರಿಗೆ ಬಿಡೋಣ. ಒಳಗಿರುವ ಲೌಕಿಕ ಸತ್ಯ ನೋಡಿ. ಭೋಗಣ್ಣ ನಡೆದು ಹೊರಡಬಲ್ಲವನಾಗಿದ್ದ, ಅವನು ಹೋದರೆ ಊರಿಗೇ ನಷ್ಟ. ಆದ್ದರಿಂದ ಊರು ಬಗ್ಗಿತು. ಉದ್ರಿ ಪುಸ್ತಕದಲ್ಲಿ ಹೆಸರಿರುವ ರೈತ ಹೀಗೆ ಹೊರಡಲಾರ. ಈ ಅಂಗಡಿಯ ಬಾಕಿ ತೀರದೆ ಇನ್ನೊಂದು ಅಂಗಡಿ ಅವನಿಗೆ ಉದ್ರಿ ಕೊಡುವುದಿಲ್ಲ. ಕೊನೆಗೆ ಅವನಿಗೆ ಉಳಿಯುವ ದಾರಿ ಗುಳೆ. ಯಾದಗಿರಿ ಜಿಲ್ಲೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವ ಬಸ್ಸುಗಳಲ್ಲಿ ಮಳೆಯಿಂದ ಸೋತವರು ಇರುತ್ತಾರೆ, ಬಾಕಿಯಿಂದ ಸೋತವರೂ ಇರುತ್ತಾರೆ.

ಕಾರ್ಡಿಗೆ 40 ಪರ್ಸೆಂಟ್ ಕಟ್ಟುವ ನಿಮಗೂ ಅವನಿಗೂ ಇರುವ ವ್ಯತ್ಯಾಸ ಇದು. ನಿಮಗೆ ದರ ಹೆಚ್ಚೆನಿಸಿದರೆ ನಾಳೆ ಪರ್ಸನಲ್ ಲೋನ್ ತೆಗೆದು ಅದನ್ನು ತೀರಿಸಬಹುದು, ಇನ್ನೊಂದು ಬ್ಯಾಂಕಿಗೆ ಹೋಗಬಹುದು. ಅವನಿಗೆ ಇರುವುದು ಒಂದೇ ಬಾಗಿಲು.

ಬಾಗಿಲು ಮುಚ್ಚಿದವರು ಯಾರು

"ಮಾರುಕಟ್ಟೆ ಹೀಗೇ, ಅದಕ್ಕೇ ಸರ್ಕಾರ ಬೇಕು" ಅನ್ನುವುದು ಇಲ್ಲಿ ಬರುವ ಸಹಜ ಉತ್ತರ. ಆದರೆ ಬಾಗಿಲುಗಳನ್ನು ಯಾರು ಮುಚ್ಚಿದರು ಅಂತ ಹುಡುಕಿದರೆ ಎಷ್ಟೋ ಸಲ ಸರ್ಕಾರದ ಕೈಯೇ ಸಿಗುತ್ತದೆ.

ನಮ್ಮ ಸೀಮೆಯ ಇತಿಹಾಸದಲ್ಲಿ ಇದಕ್ಕೊಂದು ರಾಜಗಾತ್ರದ ಉದಾಹರಣೆ ಇದೆ. ಯುರೋಪಿಯನ್ನರು ದೇಶೀ ರಾಜರಿಗೆ ಅನುಮತಿ ಇಲ್ಲದೆ ಸಾಲ ಕೊಡಬಾರದು ಅಂತ ಬ್ರಿಟಿಷ್ ಸಂಸತ್ತು 1797ರಲ್ಲಿ ಕಾನೂನು ಮಾಡಿತು. ಉದ್ದೇಶ ಒಳ್ಳೆಯದೇ. 1816ರಲ್ಲಿ ಹೈದರಾಬಾದಿನ ವಿಲಿಯಂ ಪಾಮರ್ ಕಂಪನಿಗೆ ಆ ಅನುಮತಿ ಸಿಕ್ಕಿತು. ಎಲ್ಲರಿಗೂ ಬೀಗ ಹಾಕಿ ಒಬ್ಬರ ಕೈಗೆ ಕೀಲಿ ಕೊಟ್ಟಂತಾಯಿತು. ಕಂಪನಿ ನಿಜಾಮನ ಸರ್ಕಾರಕ್ಕೆ ವರ್ಷಕ್ಕೆ ಶೇಕಡಾ 25ರ ಆಸುಪಾಸಿನ ಬಡ್ಡಿಯಲ್ಲಿ ಸಾಲ ಕೊಟ್ಟಿತು. ಆ ವ್ಯವಹಾರ ಮುಳುಗಿದರೂ ನಿಜಾಮನ ಸಾಲದ ಕಥೆ ಮುಗಿಯಲಿಲ್ಲ. 1853ರಲ್ಲಿ, ಬ್ರಿಟಿಷರ ಲೆಕ್ಕದ ಸೈನ್ಯದ ಖರ್ಚಿನ ಬಾಕಿಗಾಗಿ, ಬೇರಾರ್ ಜೊತೆಗೆ ರಾಯಚೂರು ದೋಆಬ್ ಕೂಡ ಅವರ ಕೈಗೆ ಹೋಯಿತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದು ಸೋತ. 1860ರ ಒಪ್ಪಂದದಲ್ಲಿ ರಾಯಚೂರು ದೋಆಬ್ ನಿಜಾಮನಿಗೆ ಮರಳಿತು, ಸುರಪುರವನ್ನೂ ಅವನಿಗೇ ಕೊಟ್ಟರು. ಕೆಂಭಾವಿ, ಸುರಪುರದ ಜನರನ್ನು ಯಾರೂ ಕೇಳಲಿಲ್ಲ. ಅವರು ಲೆಕ್ಕದ ಪುಸ್ತಕದ ಒಂದು ಸಾಲಾಗಿದ್ದರು.

ಇವತ್ತಿನ ಬೀಗ ಬೇರೆ ಥರದ್ದು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚಿನಿಂದ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಲಕ್ಷಾಂತರ ಗೇಣಿದಾರರು ಉತ್ತ ಭೂಮಿಗೆ ಒಡೆಯರಾದರು. ಆ ನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಉಳುವವನು ತನ್ನ ದುಡಿಮೆಯ ನೆಲಕ್ಕೆ ಒಡೆಯನಾಗುವುದು ಆಸ್ತಿ ಹಕ್ಕಿನ ವಿಸ್ತರಣೆಯೇ. ಆದರೆ ಅದೇ ಕಾಯ್ದೆ ಮುಂದಕ್ಕೆ, ಸೈನಿಕರಂಥ ಕೆಲವರನ್ನು ಬಿಟ್ಟು, ಹೊಲವನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಂತಿತಾ? ಇಲ್ಲ. ಬಾಯಿಮಾತಿಗೆ ಇಳಿಯಿತು.

ಪರಿಣಾಮ ನೋಡಿ. ರಾಜ್ಯ ಸರ್ಕಾರ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಗೆ ಬೆಳೆ ಸಾಲ ಕೊಡುತ್ತದೆ. 2023ರ ಬಜೆಟ್ಟಿನಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಸಿಗಬೇಕಾದರೆ ಪಹಣಿ ಬೇಕು. ಬೇರೆಯವರ ಹೊಲವನ್ನು ಲೀಜಿಗೋ ಪಾಲಿಗೋ ಮಾಡುವವನ ಹೆಸರು ಪಹಣಿಯಲ್ಲಿಲ್ಲ, ಇರುವ ಹಾಗೂ ಇಲ್ಲ. ಹಾಗಾಗಿ ಒಂದೇ ಬದುವಿನ ಈ ಕಡೆಯವನಿಗೆ ಸೊನ್ನೆ, ಆ ಕಡೆಯವನಿಗೆ 36. ಗೇಣಿದಾರನನ್ನು ಕಾಪಾಡಲು ಬಂದ ಕಾನೂನು ಗೇಣಿದಾರನನ್ನೇ ಅದೃಶ್ಯ ಮಾಡಿತು. 2016ರಲ್ಲಿ ನೀತಿ ಆಯೋಗ ಮಾದರಿ ಭೂ ಗುತ್ತಿಗೆ ಕಾಯ್ದೆಯ ಕರಡನ್ನು ರಾಜ್ಯಗಳ ಮುಂದೆ ಇಟ್ಟಿತು: ಒಡೆತನ ಮಾಲೀಕನದ್ದೇ ಉಳಿಯಲಿ, ಸಾಲ, ವಿಮೆಗೆ ಮಾತ್ರ ಸಾಗುವಳಿದಾರನಿಗೆ ಕಾಗದ ಸಿಗಲಿ ಅಂತ. ಇಷ್ಟು ಸಣ್ಣ ಬಾಗಿಲು ತೆರೆಯುವುದಕ್ಕೂ ನಮಗೆ ಭಯ.

ಎರಡನೇ ಬೀಗ ಸಿಟ್ಟಿನಿಂದ ಬರುವ ಕಾನೂನು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲಗಾರನ ಮನೆ ಮುಂದೆ ಗುಂಪು ಕಟ್ಟಿ ಅವಮಾನ ಮಾಡುವುದು, ಹೆಣ್ಣುಮಕ್ಕಳನ್ನು ಹೊರಹಾಕಿ ಬೀಗ ಜಡಿಯುವುದು ಹಿಂಸೆ. ಹಿಂಸೆಗೆ ಶಿಕ್ಷೆ ಕೊಡುವುದು ಸರ್ಕಾರದ ಮೊದಲ ಕೆಲಸ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹಿಂಸೆಯನ್ನು ಶಿಕ್ಷಿಸುವುದು ಒಂದು, ಸಾಲವನ್ನೇ ಅಸಾಧ್ಯ ಮಾಡುವುದು ಇನ್ನೊಂದು. ಪಕ್ಕದ ಆಂಧ್ರದಲ್ಲಿ 2010ರ ಅಕ್ಟೋಬರಿನ ಸುಗ್ರೀವಾಜ್ಞೆಯ ನಂತರ ಮರುಪಾವತಿಯೇ ಕುಸಿಯಿತು. ನಷ್ಟ ಹೊತ್ತ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಕೈ ಬಿಗಿಹಿಡಿದವು. ಎಮಿಲಿ ಬ್ರೇಜಾ ಮತ್ತು ಸಿಂಥಿಯಾ ಕಿನ್ನನ್ ಎಂಬ ಅರ್ಥಶಾಸ್ತ್ರಜ್ಞೆಯರು ಇದನ್ನು ಅಧ್ಯಯನ ಮಾಡಿದಾಗ, ಹೀಗೆ ಸಾಲ ಬತ್ತಿದ ಜಿಲ್ಲೆಗಳಲ್ಲಿ ಹಳ್ಳಿಯ ದಿನಗೂಲಿಯೂ ಮನೆಖರ್ಚೂ ಇಳಿದಿದ್ದು ಕಂಡಿತು. ಸಾಲವನ್ನೇ ಪಡೆಯದ ಕೂಲಿಯವನೂ ಬೆಲೆ ತೆತ್ತ.

ತೆರೆದವರು ಯಾರು

ಬಾಗಿಲು ತೆರೆದವರ ಚರಿತ್ರೆಯೂ ಕರ್ನಾಟಕದಲ್ಲಿ ಇದೆ, ನಾವು ಹೆಮ್ಮೆಪಡುವಷ್ಟು ಇದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಪತ್ತಿನ ಸಂಘ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಫಂಡ್, ಮುಂದಿನ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕ್, ಮುಂದಿನ ಕಾರ್ಪೊರೇಷನ್ ಬ್ಯಾಂಕ್. 1912ರಲ್ಲಿ ಮಂಗಳೂರಿನ ಕ್ಯಾಥೊಲಿಕರು ತಮ್ಮದೊಂದು ಸಹಕಾರಿ ಬ್ಯಾಂಕ್ ಕಟ್ಟಿದರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರುಮಾಡಿ, ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸಿದರು.

ಸಾರಸ್ವತರು, ಮುಸ್ಲಿಮರು, ಕ್ಯಾಥೊಲಿಕರು, ಹಳ್ಳಿಯ ಗೌಡರು, ಎಲ್ಲರೂ ತಮ್ಮ ತಮ್ಮವರ ದುಡ್ಡು ಕೂಡಿಸಿ ತಮ್ಮವರಿಗೇ ಸಾಲ ಕೊಡಲು ಶುರುಮಾಡಿದರು. ಜಾತಿಯ ವಾಸನೆ ಇತ್ತು, ಹೌದು. ಆದರೆ ಯಾರು ನಂಬಿಗಸ್ತ, ಯಾರ ಅಂಗಡಿ ನಡೆಯುತ್ತಿದೆ ಅನ್ನುವುದು ಅವರಿಗೆ ಕಾಗದ ನೋಡದೆ ಗೊತ್ತಿತ್ತು. ಕ್ಯಾಥೊಲಿಕ್ ಚಿಂತನೆಯಲ್ಲಿ ಇದಕ್ಕೊಂದು ತತ್ವವೇ ಇದೆ. 1931ರಲ್ಲಿ 11ನೇ ಪಿಯುಸ್ ಅದನ್ನು ಸ್ಪಷ್ಟವಾಗಿ ಬರೆದರು. ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳುವುದು ಅನ್ಯಾಯ ಅಂತ.

ಕರಾವಳಿಗೆ ಇದೆಲ್ಲ ಬಂದಾಗ ನಮ್ಮ ಕಡೆ ನಿಜಾಮನ ಆಡಳಿತ, ಜಾಗೀರು, ದೇಶಮುಖಿ. ಸಂಸ್ಥಾನದ ಸರ್ಕಾರ ತನ್ನದೇ ಬ್ಯಾಂಕ್ ಸ್ಥಾಪಿಸಿದ್ದೇ 1941ರಲ್ಲಿ. ಜನ ಸೇರಿ ಸಂಘ ಕಟ್ಟುವ ಅಭ್ಯಾಸಕ್ಕೆ ನಮಗೆ ಸಿಕ್ಕ ಕಾಲ ಕಡಿಮೆ. 1969ರ ರಾಷ್ಟ್ರೀಕರಣದ ನಂತರ ಹಳ್ಳಿಗಳಿಗೆ ಬ್ಯಾಂಕ್ ಶಾಖೆಗಳು ಬಂದವು, ಅದು ಸಣ್ಣ ಲಾಭವಲ್ಲ. ಆದರೆ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಮ್ಯಾನೇಜರಿಗೆ ಯಾರು ನಂಬಿಗಸ್ತ ಅಂತ ಹೇಗೆ ಗೊತ್ತಾಗಬೇಕು? ಅವನು ಪಹಣಿ ಕೇಳುತ್ತಾನೆ. ತಪ್ಪು ಅವನದಲ್ಲ.

ನಿಮ್ಮ ಹೆಸರಿನ ಪಹಣಿ

ಈಗ ವಿಷಯ ನಿಮ್ಮ ಹತ್ತಿರ ಬರುತ್ತದೆ. ಓದುತ್ತಿರುವವರಲ್ಲಿ ಎಷ್ಟು ಜನರಿಗೆ ಊರಲ್ಲಿ ನಾಲ್ಕೋ ಎಂಟೋ ಎಕರೆ ಇದೆ? ಅಪ್ಪನಿಗೆ ವಯಸ್ಸಾಗಿದೆ, ನೀವು ವೈಟ್‌ಫೀಲ್ಡಿನಲ್ಲೋ ಹಿಂಜವಡಿಯಲ್ಲೋ ಇದ್ದೀರಿ, ಹೊಲವನ್ನು ಊರಿನ ಯಾರೋ ಲೀಜಿಗೆ ಮಾಡುತ್ತಿದ್ದಾರೆ. ಕಾಗದ ಇಲ್ಲ. "ಕಾಗದ ಕೊಟ್ಟರ ಹೊಲ ಹೋಗ್ತದ" ಅಂತ ಅಪ್ಪ ಹೇಳಿದ್ದಾರೆ. 1974ರ ನೆನಪು ಇನ್ನೂ ಹಸಿ ಇರುವ ಮನೆಗಳಲ್ಲಿ ಆ ಭಯ ಸುಳ್ಳೂ ಅಲ್ಲ.

ಆದರೆ ಲೆಕ್ಕ ನೋಡಿ. ಪಿಎಂ-ಕಿಸಾನ್‌ನ ವರ್ಷಕ್ಕೆ 6,000 ಬರುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಬೆಳೆ ಹಾನಿಯಾದಾಗ ಬರುವ ಪರಿಹಾರವೂ ಅಲ್ಲಿಗೇ. ಮಳೆಗೆ ಕೊಳೆತ ಹತ್ತಿ ಅವನದು, ಅದರ ಪರಿಹಾರ ನಿಮ್ಮ ಅಪ್ಪನ ಖಾತೆಗೆ. ಲೀಜಿನ ದುಡ್ಡು ಮೊದಲೇ ಕೊಟ್ಟವನೂ ಅವನೇ, ಅದನ್ನು ತಂದದ್ದು ನೂರಕ್ಕೆ ಮೂರರಂತೆ. ಸಾವ್ಕಾರನನ್ನು ಬೈಯುವಾಗ ಈ ಸರಪಳಿಯಲ್ಲಿ ನಾವೂ ಒಂದು ಕೊಂಡಿ ಅನ್ನುವುದು ಗೊತ್ತಿರಲಿ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಪರಿಹಾರದ ದುಡ್ಡು ಬಂದ ದಿನವೇ ಬೆಳೆ ಕಳೆದುಕೊಂಡವನಿಗೆ ದಾಟಿಸಬಹುದು. ಲೀಜನ್ನು ಮುಂಗಾರಿನ ಬದಲು ಸುಗ್ಗಿಯ ಮೇಲೆ ತೆಗೆದುಕೊಳ್ಳಬಹುದು. ಆ ಐದಾರು ತಿಂಗಳು ನಿಮಗೆ ಏನೂ ಅಲ್ಲ, ಅವನಿಗೆ ಅಷ್ಟು ತಿಂಗಳ ಬಡ್ಡಿ ಉಳಿಯುತ್ತದೆ. ಪಹಣಿ ಇಲ್ಲದ ಸಾಗುವಳಿದಾರರು ನಾಲ್ಕೈದು ಜನ ಸೇರಿ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ಜಂಟಿ ಬಾಧ್ಯತಾ ಗುಂಪುಗಳಿಗೆ ನಬಾರ್ಡ್ ಬೆಂಬಲ ಕೊಡುತ್ತದೆ. ಅದರ ಅರ್ಜಿ ತುಂಬಲು, ಬ್ಯಾಂಕಿಗೆ ಎರಡು ಸಲ ಫೋನ್ ಮಾಡಲು ಒಬ್ಬ ಓದಿದವನು ಬೇಕು. ಅವರಲ್ಲಿ ಆ ಓದಿದವನು ಇಲ್ಲ, ನಿಮ್ಮಲ್ಲಿ ಇದ್ದಾನೆ.

ಸ್ವಾತಂತ್ರ್ಯ ಅಂದರೆ ಸರ್ಕಾರ ನಮ್ಮನ್ನು ಬಿಟ್ಟುಬಿಡುವುದು ಅಂತ ನಾವು ಪೇಟೆಯಲ್ಲಿ ಕೂತು ವಾದ ಮಾಡುತ್ತೇವೆ. ನಾನೂ ಮಾಡುತ್ತೇನೆ, ಮುಂದೆಯೂ ಮಾಡುತ್ತೇನೆ. ಆದರೆ ಕೆಂಭಾವಿಯ ಗುತ್ತಿಗೆ ರೈತನಿಗೆ ಅದು ಬಹಳ ಸಣ್ಣ, ಬಹಳ ಗಟ್ಟಿಯಾದ ಸಂಗತಿ: ಒಂದು ದರ ಕೇಳಿ, "ಒಲ್ಲೆನ್ರಿ ಸಾವ್ಕಾರ" ಅಂತ ಹೇಳಿ, ಎದುರಿನ ಅಂಗಡಿಗೆ ನಡೆದು ಹೋಗುವುದು. ಈ ಮುಂಗಾರಿಗೆ ಅವನು ಅಷ್ಟು ಮಾಡಬಲ್ಲನಾ ಅನ್ನುವುದು ವಿಧಾನಸೌಧದ ಕೈಯಲ್ಲಿ ಎಷ್ಟಿದೆಯೋ, ಅವನ ಹೊಲದ ಪಹಣಿಯಲ್ಲಿ ಹೆಸರಿರುವವರ ಕೈಯಲ್ಲೂ ಅಷ್ಟೇ ಇದೆ.